ಓದುವುದೂ ಒಪ್ಪಿಸುವುದೂ

ಮಾಘ ಕಳೆದು ಬಿಸಿಲು ಏರತೊಡಗಿತೆಂದರೆ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿಯೂ ಬಂಗಾರಪೇಟೆಯಲ್ಲಿಯೂ ಮನೆಮನೆಯಿಂದ ಕೇಳಿಬರುವುದು ಒಂದೇ ಮಾತು. ಅದು ಪರೀಕ್ಷೆಯ ಮಾತು. ರಾಬರ್ಟ್‌ಸನ್‌ಪೇಟೆಯ ಪುಸ್ತಕದಂಗಡಿಗಳಲ್ಲಿ ಗೈಡುಗಳ ರಾಶಿ ಏರುವುದು. ಟ್ಯೂಷನ್ ಹೇಳುವ ಮನೆಗಳ ಮುಂದೆ ನಸುಕಿನಲ್ಲಿಯೇ ಸೈಕಲ್ಲುಗಳು ಸಾಲುಗಟ್ಟಿ ನಿಲ್ಲುವುವು. ಗುಡಿಯಲ್ಲಿ ಅರ್ಚನೆ, ಇಗರ್ಜಿಯಲ್ಲಿ ಮೇಣದ ಬತ್ತಿ, ದರ್ಗಾದಲ್ಲಿ ಹರಕೆ. ಯಾವ ದೇವರನ್ನೂ ಬಿಡದೆ ಹೆತ್ತವರು ಬೇಡಿಕೊಳ್ಳುವರು. ಇಷ್ಟೆಲ್ಲ ಸಿದ್ಧತೆಗಳ ನಡುವೆ ಒಂದು ಪ್ರಶ್ನೆಯನ್ನು ಮಾತ್ರ ಕೇಳುವವರು ವಿರಳ. ಮಗುವು ಓದುತ್ತಿರುವುದು ಸರಿಯೆ, ಹೇಗೆ ಓದುತ್ತಿರುವುದು? ಎಷ್ಟು ಹೊತ್ತು ಓದಿತೆಂಬುದನ್ನು ಗಡಿಯಾರ ನೋಡಿ ಲೆಕ್ಕವಿಡುವ ನಾವು, ಓದಿದ್ದರಲ್ಲಿ ಎಷ್ಟು ಉಳಿಯಿತೆಂಬುದರ ಲೆಕ್ಕವನ್ನು ಇಡುವುದಿಲ್ಲ. ಈ ಎರಡನೆಯ ಲೆಕ್ಕದ ಕಡೆಗೆ ವಾಚಕ ಮಹಾಶಯರ ಗಮನವನ್ನು ಸೆಳೆಯುವುದೇ ಇಂದಿನ ಈ ಲೇಖನದ ಉದ್ದೇಶ.

ಪರೀಕ್ಷೆಯ ಮಾತು ಎಲ್ಲ ಊರುಗಳಿಗೂ ಸಮಾನವಾದುದಾದರೂ ನಮ್ಮ ಊರಿಗೆ ಅದು ತೂಕ ಹೆಚ್ಚಾದುದು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿಗೆ ಕಾಲಿಟ್ಟಂದಿನಿಂದ ನೂರು ವರ್ಷಕ್ಕೂ ಮೇಲ್ಪಟ್ಟು ಈ ಊರಿನ ಅನ್ನವು ನೆಲದಡಿಯಿಂದ ಮೇಲಕ್ಕೆ ಬರುತ್ತಿದ್ದಿತು. ತಂದೆಯ ಹಿಂದೆ ಮಗನು ಗಣಿಗಿಳಿಯುವುದು ಇಲ್ಲಿಯ ವಾಡಿಕೆಯಾಗಿದ್ದಿತು. ಹತ್ತನೆಯ ತರಗತಿಯಲ್ಲಿ ಸೋತ ಹುಡುಗನಿಗೆ ಮನೆಯಲ್ಲಿ ಎರಡು ದಿನ ಬೈಗುಳ ಬಿದ್ದರೂ ಮೂರನೆಯ ದಿನ ಯಾರಾದರೂ ಒಬ್ಬರು, 'ಇರಲಿ ಬಿಡಿ, ಗಣಿ ಇದೆಯಲ್ಲ' ಎಂದು ಸಮಾಧಾನ ಹೇಳುತ್ತಿದ್ದರು. 2001ನೆಯ ಇಸವಿಯ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದಾಗ ಆ ಸಮಾಧಾನದ ಮಾತೂ ಮುಚ್ಚಿಹೋಯಿತು. ಇಂದು ಮಾರಿಕುಪ್ಪಂನಿಂದ ಹೊರಡುವ ನಸುಕಿನ ರೈಲು ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಜನರನ್ನು ತುಂಬಿಕೊಂಡು, ಬಂಗಾರಪೇಟೆಯಲ್ಲಿ ಇನ್ನಷ್ಟು ಜನರನ್ನು ಹತ್ತಿಸಿಕೊಂಡು ಬೆಂಗಳೂರಿಗೆ ಓಡುವುದು. ಆ ರೈಲಿನಲ್ಲಿ ಕುಳಿತವರು ಅಲ್ಲಿ ಇಳಿದ ಮೇಲೆ ಯಾವ ಕೆಲಸಕ್ಕೆ ಹೋಗುವರೆಂಬುದನ್ನು ಬಹುಮಟ್ಟಿಗೆ ನಿಶ್ಚಯಿಸುವುದು ಅವರ ಕೈಯಲ್ಲಿರುವ ಒಂದು ಅಂಕಪಟ್ಟಿ. ಐ.ಟಿ.ಐ. ಆಗಲಿ, ಪಾಲಿಟೆಕ್ನಿಕ್ ಆಗಲಿ, ಪದವಿಪೂರ್ವ ಕಾಲೇಜಾಗಲಿ, ಎಲ್ಲಕ್ಕೂ ಮೊದಲ ಬಾಗಿಲು ಎಸ್.ಎಸ್.ಎಲ್.ಸಿ. ಪರೀಕ್ಷೆಯೇ. ಗಣಿಯು ಉಳ್ಳಂದು ಪರೀಕ್ಷೆಯು ಅನೇಕ ದಾರಿಗಳಲ್ಲಿ ಒಂದಾಗಿದ್ದಿತು. ಗಣಿಯು ಇಲ್ಲದಂದು ಅದು ಹೆದ್ದಾರಿಯೇ ಆಗಿರುವುದು.

ಹೀಗಿರುವಾಗ ನಮ್ಮ ಮಕ್ಕಳ ಸಿದ್ಧತೆಯು ಎಂತಹುದು? ಅದನ್ನು ತಿಳಿಯಲು ಬಹಳ ದೂರ ಹೋಗಬೇಕಾಗಿಲ್ಲ. 2024ರಲ್ಲಿ ರಾಜ್ಯದ ಪರೀಕ್ಷಾ ಮಂಡಳಿಯು ಪರೀಕ್ಷಾ ಕೊಠಡಿಗಳ ಮೇಲೆ ಕ್ಯಾಮರಾದ ಕಣ್ಣಿಟ್ಟು, ಅಲ್ಲಿ ನಡೆಯುವುದನ್ನು ದೂರದಿಂದಲೇ ನೋಡುವ ಏರ್ಪಾಡು ಮಾಡಿತು. ಅದರ ಹಿಂದಿನ ವರ್ಷ ನೂರಕ್ಕೆ 83.89ರಷ್ಟಿದ್ದ ತೇರ್ಗಡೆಯು ಆ ವರ್ಷ 73.40ಕ್ಕೆ ಇಳಿಯಿತು, ಅದೂ ಕೃಪಾಂಕಗಳನ್ನು ಕೈತುಂಬ ಕೊಟ್ಟ ಮೇಲೆ. ಇದನ್ನು ಕಂಡು ಕೆಲವರು ಮಕ್ಕಳನ್ನು ದೂರಿದರು, ಕೆಲವರು ಶಿಕ್ಷಕರನ್ನು ದೂರಿದರು, ಕೆಲವರು ಕ್ಯಾಮರಾವನ್ನೇ ದೂರಿದರು. ನಮಗೆ ಕಾಣುವುದು ಇಷ್ಟೆ. ಪಕ್ಕದ ಬೆಂಚಿನಿಂದಲೋ ಕಿಟಕಿಯಿಂದಲೋ ಬರಬಹುದಾದ ಸಹಾಯವು ನಿಂತ ಕೂಡಲೆ, ತನ್ನ ತಲೆಯೊಳಗಿನಿಂದ ಉತ್ತರವನ್ನು ತೆಗೆಯಬೇಕಾದ ಪ್ರಸಂಗವು ಅನೇಕ ಮಕ್ಕಳಿಗೆ ಆ ದಿನವೇ ಮೊದಲನೆಯ ಬಾರಿಗೆ ಒದಗಿತು. ವರ್ಷವೆಲ್ಲ ಅವರು ಓದಿರಲಿಲ್ಲವೆಂದಲ್ಲ. ಓದಿದ್ದನ್ನು ಒಮ್ಮೆಯೂ ಹೊರಕ್ಕೆ ತೆಗೆದಿರಲಿಲ್ಲ.

ಇದರ ಅನುಭವ ನಮಗೂ ಉಂಟು. ಹಿರಿಯರ ಬಾಯಲ್ಲಿ ಇಂದಿಗೂ ಮೆಟ್ರಿಕ್ಯುಲೇಷನ್ ಎನಿಸಿಕೊಳ್ಳುವ ಪರೀಕ್ಷೆಗೆ ನಾವು ಕುಳಿತ ವರ್ಷ ಇತಿಹಾಸದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಏಳು ಸಲ ಓದಿದ್ದೆವು. ಯಾವ ಪುಟದ ಯಾವ ಮೂಲೆಯಲ್ಲಿ ಯಾವ ಚಿತ್ರವಿದ್ದಿತೆಂಬುದು ಕಣ್ಣಿಗೆ ಕಟ್ಟಿದಂತಿದ್ದಿತು. ಪರೀಕ್ಷೆಯ ದಿನ ಪ್ರಶ್ನಪತ್ರಿಕೆಯನ್ನು ಕೈಗೆತ್ತಿಕೊಂಡಾಗ ಪುಟಗಳೆಲ್ಲ ನೆನಪಿಗೆ ಬಂದುವು. ಪುಟಗಳ ಮೇಲಿನ ಬರಹ ಮಾತ್ರ ಬರಲಿಲ್ಲ. ಕಷ್ಟಪಟ್ಟು ದಡ ಮುಟ್ಟಿದೆವೆನ್ನಿ. ವಿಚಿತ್ರವೆಂದರೆ, ಅದಕ್ಕೂ ಹಿಂದೆ ಚಿಕ್ಕಂದಿನಲ್ಲಿ ಪಾಠಶಾಲೆಯಲ್ಲಿ ಕಲಿತ ಅಮರಕೋಶದ ಶ್ಲೋಕಗಳೂ ಶಬ್ದರೂಪಗಳೂ ಇಂದಿಗೂ ನಿದ್ದೆಯಿಂದ ಎಬ್ಬಿಸಿ ಕೇಳಿದರೆ ತಡೆಯಿಲ್ಲದೆ ಬರುವುವು. ಏಳು ಸಲ ಓದಿದ್ದು ಏಳು ದಿನ ನಿಲ್ಲಲಿಲ್ಲ. ಪಾಠಶಾಲೆಯಲ್ಲಿ ಕಲಿತದ್ದು ನಲವತ್ತು ವರ್ಷ ನಿಂತಿದೆ. ಈ ಭೇದಕ್ಕೆ ಕಾರಣವೇನೆಂದು ಬಹುಕಾಲ ಯೋಚಿಸಿದ್ದೇವೆ. ಆ ಕಾರಣವು ನಮ್ಮ ಭಾಷೆಯ ಒಂದು ಹಳೆಯ ಮಾತಿನಲ್ಲಿಯೇ ಅಡಗಿರುವುದೆಂದು ಈಗ ತೋರುವುದು.

ಆ ಮಾತು 'ಪಾಠ ಒಪ್ಪಿಸುವುದು'. ಪಾಠಶಾಲೆಯಲ್ಲಿ ಗುರುಗಳು ಒಮ್ಮೆ ಹೇಳುವರು. ಶಿಷ್ಯರು ಎರಡು ಬಾರಿ ಹೇಳುವರು. ಅದು ಸಂಥೆ. ಅಲ್ಲಿಗೆ ಪಾಠವು ಮುಗಿಯುತ್ತಿರಲಿಲ್ಲ, ಆರಂಭವಾಗುತ್ತಿದ್ದಿತು. ಮರುದಿನ ಬೆಳಗ್ಗೆ ಪುಸ್ತಕವನ್ನು ಗುರುಗಳ ಮುಂದಿಟ್ಟು, ಕೈಕಟ್ಟಿ ನಿಂತು, ನಿನ್ನೆಯ ಪಾಠವನ್ನು ಒಪ್ಪಿಸಬೇಕು. ತಪ್ಪಿದಲ್ಲಿ ಗುರುಗಳು ಒಂದು ಅಕ್ಷರವನ್ನು ಎತ್ತಿಕೊಡುವರು. ಮತ್ತೆ ತಪ್ಪಿದರೆ ಹಿಂದಕ್ಕೆ ಹೋಗಿ ಕಲಿತು ಬರಬೇಕು. ಪಾಡ್ಯ, ಅಷ್ಟಮಿಗಳಲ್ಲಿ ಹೊಸ ಪಾಠವಿರುತ್ತಿರಲಿಲ್ಲ. ಆ ದಿನಗಳಲ್ಲಿ ನಾವು ಹುಡುಗರು ಹಳೆಯದನ್ನು ಒಬ್ಬರಿಗೊಬ್ಬರು ಒಪ್ಪಿಸಿಕೊಳ್ಳುತ್ತಿದ್ದೆವು. ಸಾಲಕ್ಕೆ ತಂದ ಹಣವನ್ನು ಸಾಹುಕಾರನ ಕೈಗೆ ಎಣಿಸಿ ಒಪ್ಪಿಸುವಂತೆ, ಪಡೆದ ಪಾಠವನ್ನು ಅಕ್ಷರ ಅಕ್ಷರವಾಗಿ ಎಣಿಸಿ ಒಪ್ಪಿಸುವುದು ಅಲ್ಲಿಯ ನಿಯಮ. ಈ ಒಂದು ಮಾತಿನಲ್ಲಿ ಎರಡು ಗುಣಗಳಿರುವುವು: ಪುಸ್ತಕವು ಮುಚ್ಚಿರುವುದು ಒಂದು; ದಿನ ಬಿಟ್ಟು ದಿನ ಮತ್ತೆ ಮತ್ತೆ ಕೇಳುವುದು ಇನ್ನೊಂದು.

ಪಾಠಶಾಲೆಯ ಎಲ್ಲವನ್ನೂ ನಾವು ಹೊಗಳುವವರಲ್ಲ. ಅರ್ಥವನ್ನು ಕೇಳದೆ ಶಬ್ದವನ್ನು ಮಾತ್ರ ಒಪ್ಪಿಸಿಕೊಳ್ಳುವುದು ಅದರ ದೊಡ್ಡ ದೋಷವಾಗಿದ್ದಿತು. ಬೆತ್ತವು ಇನ್ನೊಂದು ದೋಷ. ಎಲ್ಲ ಮನೆಯ ಮಕ್ಕಳಿಗೂ ಅದರ ಬಾಗಿಲು ತೆರೆದಿರಲಿಲ್ಲವೆಂಬುದು ಎಲ್ಲಕ್ಕಿಂತ ದೊಡ್ಡ ದೋಷ. ಹೊಸ ಶಾಲೆಗಳು ಬಂದು ಆ ದೋಷಗಳನ್ನು ತಿದ್ದಲು ಹೊರಟುದು ನ್ಯಾಯವೇ. ಆದರೆ ಗಿಳಿಪಾಠವೆಂದು ಹಳಿದು ಕಂಠಪಾಠವನ್ನು ಹೊರಗಟ್ಟುವ ಆತುರದಲ್ಲಿ ಒಪ್ಪಿಸುವುದನ್ನೂ ಅದರ ಜೊತೆಗೆ ಹೊರಗಟ್ಟಿದೆವು. ಉಳಿದುದು ಓದುವುದೊಂದೆ. ಗೈಡನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು, ಸಾಲುಗಳ ಕೆಳಗೆ ಹಳದಿ ಹಸಿರು ಗೆರೆಗಳನ್ನೆಳೆದು, ಅದನ್ನೇ ಹತ್ತು ಸಲ ತಿರುಗಿ ಓದುವುದನ್ನು ಇಂದಿನ ಮಕ್ಕಳು ವ್ಯಾಸಂಗವೆಂದು ನಂಬಿರುವರು. ಗಿಳಿಪಾಠವೂ ಹೋಗಲಿಲ್ಲ, ನೆನಪೂ ಉಳಿಯಲಿಲ್ಲ.

ಇದು ಹಳಬರ ಹಂಬಲವೆಂದು ಯಾರಾದರೂ ತಳ್ಳಿಹಾಕಬಹುದು. ಆದುದರಿಂದ ಶಾಸ್ತ್ರಜ್ಞರು ಪರೀಕ್ಷಿಸಿ ಕಂಡ ಮಾತನ್ನೂ ಇಲ್ಲಿ ಹೇಳುವೆವು. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಎಂಬ ಪಂಡಿತನು ಅರ್ಥವಿಲ್ಲದ ಅಕ್ಷರಗಳ ಪಟ್ಟಿಗಳನ್ನು ತಾನೇ ಕಲಿತು, ತಾನೇ ಮರೆತು, ಮರೆವಿನ ಲೆಕ್ಕವನ್ನಿಟ್ಟು 1885ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಕಲಿತ ಮೊದಲ ಕೆಲವು ಗಂಟೆಗಳಲ್ಲಿಯೇ ಮರೆವು ಬಹಳ ವೇಗವಾಗಿ ನಡೆಯುವುದೆಂದೂ, ಒಂದೇ ದಿನ ಒತ್ತಿ ಕಲಿಯುವುದಕ್ಕಿಂತ ಹಲವು ದಿನಗಳಿಗೆ ಹಂಚಿ ಕಲಿಯುವುದು ಲಾಭಕರವೆಂದೂ ಅವನು ಕಂಡನು. 1939ರಲ್ಲಿ ಅಮೆರಿಕದ ಅಯೋವಾ ಪ್ರಾಂತದಲ್ಲಿ ಸ್ಪಿಟ್ಜರ್ ಎಂಬವನು ಆರನೆಯ ತರಗತಿಯ 3,605 ಮಕ್ಕಳಿಗೆ ಪಾಠವೊಂದನ್ನು ಓದಿಸಿದನು. ಓದಿದ ಕೂಡಲೆ ಪ್ರಶ್ನೆಗಳಿಗೆ ಉತ್ತರ ಹೇಳಿದ ಮಕ್ಕಳಲ್ಲಿ ಪಾಠವು ವಾರಗಳ ಅನಂತರವೂ ನಿಂತಿದ್ದಿತು. ಬರಿದೆ ಓದಿಬಿಟ್ಟವರಲ್ಲಿ ಬಹಳಮಟ್ಟಿಗೆ ಸೋರಿಹೋಗಿದ್ದಿತು.

2006ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವು ಇದಕ್ಕಿಂತಲೂ ಬೋಧಪ್ರದವಾದುದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯಖಂಡಗಳನ್ನು ಓದಿಸಿದರು. ಕೆಲವನ್ನು ವಿದ್ಯಾರ್ಥಿಗಳು ಮತ್ತೊಮ್ಮೆ ಓದಿದರು. ಕೆಲವನ್ನು ಮತ್ತೆ ಓದದೆ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷಗಳಾದ ಮೇಲೆ ಕೇಳಿದಾಗ ಮರಳಿ ಓದಿದ್ದರಲ್ಲಿ ನೂರಕ್ಕೆ 81ರಷ್ಟು, ಬರೆದುದರಲ್ಲಿ 75ರಷ್ಟು ನೆನಪಿದ್ದಿತು. ಒಂದು ವಾರವಾದ ಮೇಲೆ ಕೇಳಿದಾಗ ತಕ್ಕಡಿಯು ತಿರುಗಿತು. ಮರಳಿ ಓದಿದ್ದರಲ್ಲಿ ಉಳಿದುದು 42. ಬರೆದುದರಲ್ಲಿ ಉಳಿದುದು 56. ನಮ್ಮ ಮಕ್ಕಳು ಮೋಸಹೋಗುವ ಸ್ಥಳವು ಇಲ್ಲಿಯೇ ಇರುವುದು. ಹತ್ತು ಸಲ ಓದಿದ ಪಾಠವು ಅಂದಿನ ರಾತ್ರಿ ನೀರು ಕುಡಿದಷ್ಟು ಸುಲಭವಾಗಿ ಕಾಣುವುದು. 'ನನಗೆ ಎಲ್ಲ ಬರುತ್ತದೆ' ಎಂದು ಮಗುವು ಸುಳ್ಳು ಹೇಳುವುದಿಲ್ಲ. ಆ ಕ್ಷಣಕ್ಕೆ ಅದು ನಿಜವೇ. ಪರೀಕ್ಷೆಯು ಮಾತ್ರ ಐದು ನಿಮಿಷದ ಅನಂತರ ಬರುವುದಿಲ್ಲ. ಕಣ್ಣಿಗೆ ಪರಿಚಯವಾಗುವುದು ಬೇರೆ, ಕೈಗೆ ಬರುವುದು ಬೇರೆ. ಸಂತೆಯಲ್ಲಿ ದಿನವೂ ಕಾಣುವ ಮುಖಗಳೆಲ್ಲ ಪರಿಚಿತವೇ. ಅವರ ಹೆಸರು ಹೇಳೆಂದರೆ ಎಷ್ಟು ಜನರ ಹೆಸರನ್ನು ಹೇಳಬಲ್ಲೆವು?

ಗಣಿಯ ಊರಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದುದೇ ಇಲ್ಲ. ನೆಲದಡಿಯಿಂದ ಬಂದ ಕಲ್ಲನ್ನು ಕಂಡು, ಅದು ಹೊಳೆಯಿತೆಂದು, ಇದರಲ್ಲಿ ಇಷ್ಟು ಚಿನ್ನವಿದೆಯೆಂದು ಗಣಿಯ ಯಾವ ಅಧಿಕಾರಿಯೂ ಬರೆದಿಡುತ್ತಿರಲಿಲ್ಲ. ಅದಿರಿನ ಮಾದರಿಯನ್ನು ತೆಗೆದು, ಪುಡಿಮಾಡಿ, ಕುಲುಮೆಗೆ ಹಾಕಿ, ಉಳಿದ ಚಿನ್ನವನ್ನು ತೂಗಿ, ಆಮೇಲೆ ಟನ್ನಿಗೆ ಇಷ್ಟು ಗ್ರಾಮೆಂದು ಬರೆಯುತ್ತಿದ್ದರು. ಈ ಪರೀಕ್ಷೆಯನ್ನು ವರ್ಷದ ಕೊನೆಗೆ ಒಮ್ಮೆ ಮಾಡುತ್ತಿರಲಿಲ್ಲ. ಕೆಲಸ ನಡೆದಷ್ಟು ದಿನವೂ ಮಾಡುತ್ತಿದ್ದರು. ಏಕೆಂದರೆ ನಾಳೆ ಎಲ್ಲಿ ಅಗೆಯಬೇಕೆಂಬುದನ್ನು ಇಂದಿನ ಪರೀಕ್ಷೆಯೇ ಹೇಳಬೇಕು. ವಿದ್ಯಾರ್ಥಿಗೂ ಪರೀಕ್ಷೆಯು ಹೀಗೆಯೇ ಆಗಬೇಕು. ಮಾರ್ಚಿ ತಿಂಗಳಿನಲ್ಲಿ ಸರಕಾರದವರು ಮಾಡುವ ಪರೀಕ್ಷೆಯು ತೀರ್ಪು. ಅಲ್ಲಿಯವರೆಗೆ ತನಗೆ ತಾನೇ ಮಾಡಿಕೊಳ್ಳುವ ಪರೀಕ್ಷೆಯು ಕಲಿಕೆ. ಮೊದಲನೆಯದಕ್ಕೆ ಹೆದರುವವನು ಎರಡನೆಯದನ್ನು ದಿನದಿನವೂ ಮಾಡಬೇಕು.

ಇದನ್ನು ಆಚರಣೆಗೆ ತರುವುದು ಹೇಗೆ? ಉದಾಹರಣೆಗೆ ಹುಡುಗಿಯೊಬ್ಬಳು ಸಂಜೆ ಸಹಾಯಕ ಸೈನ್ಯ ಪದ್ಧತಿಯ ಪಾಠವನ್ನು ಓದಿದಳೆನ್ನೋಣ. ಒಮ್ಮೆ ಗಮನವಿಟ್ಟು ಓದಲಿ. ಅರ್ಥವಾಗದ ಸಾಲನ್ನು ಇನ್ನೊಮ್ಮೆ ಓದಲಿ. ಅನಂತರ ಪುಸ್ತಕವನ್ನು ಮುಚ್ಚಿ, ಹಳೆಯ ಕ್ಯಾಲೆಂಡರಿನ ಹಿಂಬದಿಯ ಮೇಲೋ ಸ್ಲೇಟಿನ ಮೇಲೋ ನೆನಪಿದ್ದುದನ್ನು ಬರೆಯಲಿ. ತಂದವರು ಯಾರು? ವೆಲ್ಲೆಸ್ಲಿ. ಎಂದು? 1798ರಲ್ಲಿ. ಮೊದಲು ಒಪ್ಪಿದವರು ಯಾರು? ಹೈದರಾಬಾದಿನ ನಿಜಾಮರು. ಷರತ್ತುಗಳೇನು? ಇಲ್ಲಿ ಅವಳು ತಡೆಯುವಳು. ಒಂದು ನಿಮಿಷ ತಡೆದು ಯೋಚಿಸಲಿ. ಕೂಡಲೆ ಪುಸ್ತಕವನ್ನು ತೆರೆಯದಿರಲಿ. ಹೀಗೆ ತಡಕಾಡುವುದೇ ನೆನಪಿಗೆ ಬಲ ಕೊಡುವ ವ್ಯಾಯಾಮ. ಆಮೇಲೆ ಪುಸ್ತಕವನ್ನು ತೆರೆದು, ಬಿಟ್ಟುಹೋದುದನ್ನು ಕೆಂಪು ಶಾಯಿಯಲ್ಲಿ ಸೇರಿಸಲಿ. ಆ ಕೆಂಪು ಶಾಯಿಯ ಸಾಲುಗಳೇ ಅವಳ ನಾಳೆಯ ಪಾಠ. ಅರ್ಧ ಗಂಟೆಯ ಈ ಕೆಲಸವು ಗೈಡನ್ನು ತೆರೆದಿಟ್ಟು ಕಳೆದ ಎರಡು ಗಂಟೆಗಳಿಗಿಂತ ಹೆಚ್ಚಿನದು. ಇದು ಕಷ್ಟವಾಗಿ ಕಾಣುವುದು, ನಿಜ. ಕಷ್ಟವಾಗಿ ಕಾಣುವುದರಿಂದಲೇ ಮಕ್ಕಳು ಇದನ್ನು ಬಿಟ್ಟು ಸುಲಭವಾದ ಮರು ಓದಿಗೆ ಹೋಗುವರು.

ಎರಡನೆಯದು ಹಂಚಿಕೆ. ಇಂದು ಬರೆದ ಪಾಠವನ್ನು ಮರುದಿನ ಐದು ನಿಮಿಷ, ನಾಲ್ಕನೆಯ ದಿನ ಐದು ನಿಮಿಷ, ಎರಡನೆಯ ವಾರದಲ್ಲಿ ಒಮ್ಮೆ, ತಿಂಗಳ ಕೊನೆಯಲ್ಲಿ ಒಮ್ಮೆ, ಪುಸ್ತಕ ಮುಚ್ಚಿ ತನಗೆ ತಾನೇ ಒಪ್ಪಿಸಿಕೊಳ್ಳಬೇಕು. ಒಲೆಗೆ ದಿನವೂ ಒಂದೆರಡು ಕೊಳ್ಳಿ ಇಟ್ಟರೆ ಬೆಂಕಿ ನಿಲ್ಲುವುದು. ವರ್ಷದ ಸೌದೆಯನ್ನೆಲ್ಲ ಒಂದೇ ರಾತ್ರಿ ತುರುಕಿದರೆ ಹೊಗೆಯೊಂದೇ ಲಾಭ. ಪರೀಕ್ಷೆಯ ಹಿಂದಿನ ರಾತ್ರಿ ಬೆಳಗಾಗುವವರೆಗೆ ಎಚ್ಚರವಿರುವುದನ್ನು ಕೆಲವರು ತಪಸ್ಸೆಂದು ಭಾವಿಸುವರು. ಹಗಲು ಕಲಿತುದನ್ನು ಮನಸ್ಸು ಗಟ್ಟಿಮಾಡಿಕೊಳ್ಳುವುದು ನಿದ್ದೆಯಲ್ಲಿಯೆಂದು ಈಗ ಶಾಸ್ತ್ರವು ಹೇಳುವುದು. ಆ ರಾತ್ರಿ ಓದಿ ಗಳಿಸುವುದಕ್ಕಿಂತ, ನಿದ್ದೆಗೆಟ್ಟು ಕಳೆದುಕೊಳ್ಳುವುದೇ ಹೆಚ್ಚು.

ಮೂರನೆಯದು ಗಣಿತ. ನಮ್ಮ ಮಕ್ಕಳು ಹೆಚ್ಚಾಗಿ ಮುಗ್ಗರಿಸುವುದು ಇದರಲ್ಲಿಯೇ. ಸಮಾಂತರ ಶ್ರೇಢಿಯ ಇಪ್ಪತ್ತು ಲೆಕ್ಕಗಳನ್ನು ಒಂದೇ ದಿನ ಬಿಡಿಸಿದ ಹುಡುಗನು ಇಪ್ಪತ್ತೊಂದನೆಯದನ್ನೂ ಬಿಡಿಸುವನು. ಏಕೆಂದರೆ ಯಾವ ಸೂತ್ರವನ್ನು ಹಾಕಬೇಕೆಂಬುದನ್ನು ಅಧ್ಯಾಯದ ತಲೆಬರಹವೇ ಹೇಳಿಕೊಟ್ಟಿರುವುದು. ಪ್ರಶ್ನಪತ್ರಿಕೆಯಲ್ಲಿ ತಲೆಬರಹವಿರುವುದಿಲ್ಲ. ವರ್ಗ ಸಮೀಕರಣದ ಪಕ್ಕದಲ್ಲಿ ತ್ರಿಭುಜ, ತ್ರಿಭುಜದ ಪಕ್ಕದಲ್ಲಿ ಸಂಭವನೀಯತೆ ಕುಳಿತಿರುವುದು. ಯಾವ ಬೀಗಕ್ಕೆ ಯಾವ ಕೀಲಿಯೆಂಬುದನ್ನು ಹುಡುಗನೇ ಆರಿಸಬೇಕು. ಆದುದರಿಂದ ಅಧ್ಯಾಯವು ಅರ್ಥವಾದ ಮೇಲೆ ಬೇರೆ ಬೇರೆ ಅಧ್ಯಾಯಗಳ ಲೆಕ್ಕಗಳನ್ನು ಚೀಟಿಗಳಲ್ಲಿ ಬರೆದು, ಡಬ್ಬಿಯಲ್ಲಿ ಕಲಸಿ, ದಿನಕ್ಕೆ ಐದನ್ನು ಎತ್ತಿ ಬಿಡಿಸುವುದು ಒಳ್ಳೆಯದು. 2007ರಲ್ಲಿ ಪ್ರಕಟವಾದ ರೋರರ್ ಮತ್ತು ಟೇಲರ್ ಎಂಬವರ ಪ್ರಯೋಗದಲ್ಲಿ, ಒಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರು. ಒಂದು ವಾರದ ಅನಂತರ ನಡೆದ ಪರೀಕ್ಷೆಯಲ್ಲಿ ಕಲಸಿ ಮಾಡಿದವರು ನೂರಕ್ಕೆ 63ರಷ್ಟನ್ನೂ ಸಾಲಾಗಿ ಮಾಡಿದವರು 20ರಷ್ಟನ್ನೂ ಸರಿಯಾಗಿ ಬಿಡಿಸಿದರು.

ನಾಲ್ಕನೆಯದು, ಹಳೆಯ ಪ್ರಶ್ನಪತ್ರಿಕೆಗಳ ಬಳಕೆ. ಅವುಗಳನ್ನು ಓದುವವರು ಬಹಳ; ಬರೆಯುವವರು ಕಡಮೆ. ಪ್ರಶ್ನೆಯನ್ನು ನೋಡಿ, ಗೈಡಿನ ಉತ್ತರವನ್ನು ನೋಡಿ, 'ಇದು ನನಗೆ ಗೊತ್ತು' ಎಂದು ಮುಂದೆ ಹೋಗುವುದರಿಂದ ಪ್ರಯೋಜನವಿಲ್ಲ. ಗಡಿಯಾರವನ್ನು ಎದುರಿಗಿಟ್ಟು, ಪೂರ್ಣ ಕಾಲ ಕುಳಿತು ಬರೆಯಬೇಕು. ಪ್ರಶ್ನಪತ್ರಿಕೆಯನ್ನು ಓದಿಕೊಳ್ಳುವುದಕ್ಕೆಂದೇ ಕೊಡುವ 15 ನಿಮಿಷಗಳನ್ನು ಹೇಗೆ ಬಳಸುವುದೆಂಬುದೂ ಅಭ್ಯಾಸದಿಂದ ಬರಬೇಕಾದ ವಿದ್ಯೆಯೇ: ಯಾವುದು ಚೆನ್ನಾಗಿ ಬರುವುದು, ಯಾವುದು ಅರ್ಧ ಬರುವುದು, ಯಾವುದಕ್ಕೆ ಎಷ್ಟು ಹೊತ್ತು ಎಂಬುದನ್ನು ಆಗಲೇ ನಿಶ್ಚಯಿಸಿದವನಿಗೆ ಕೊನೆಯ ಗಂಟೆಯು ಹೊಡೆದಾಗ ಕೈ ನಡುಗದು.

ಈಗ ನಮ್ಮ ಊರಿಗೇ ವಿಶೇಷವಾದ ತೊಡಕೊಂದನ್ನು ಹೇಳಬೇಕು. ಗಣಿಯ ಲೈನುಗಳಲ್ಲಿ ಮನೆಯ ಮಾತು ತಮಿಳು, ಪಕ್ಕದ ಮನೆಯದು ತೆಲುಗು, ಅದರಾಚೆ ಉರ್ದು. ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷು. ಅರ್ಥವು ಒಂದು ಭಾಷೆಯಲ್ಲಿ ಹುಟ್ಟಿ ಉತ್ತರವು ಇನ್ನೊಂದು ಭಾಷೆಯಲ್ಲಿ ಹೊರಡಬೇಕಾದ ಮಗುವು, ಅರ್ಥವನ್ನೇ ಬಿಟ್ಟು ಗೈಡಿನ ವಾಕ್ಯಗಳನ್ನು ಉರುಹೊಡೆಯುವುದು ಸಹಜ. ಇದರಲ್ಲಿ ಅವಮಾನವೇನೂ ಇಲ್ಲ, ಆದರೆ ಉಪಾಯವುಂಟು. ಪಾಠವನ್ನು ಓದಿದ ಮೇಲೆ ಮೊದಲು ಮನೆಯ ಮಾತಿನಲ್ಲಿ ತನಗೆ ತಾನೇ ಹೇಳಿಕೊಳ್ಳಲಿ. ಹೇಳಲು ಬಂದಿತೆಂದರೆ ಅರ್ಥವಾಯಿತೆಂದು ಲೆಕ್ಕ. ಅನಂತರ ಪರೀಕ್ಷೆಯ ಭಾಷೆಯಲ್ಲಿ, ಸಣ್ಣ ಸಣ್ಣ ಸ್ವಂತ ವಾಕ್ಯಗಳಲ್ಲಿ ಬರೆಯಲಿ. ಕನ್ನಡವನ್ನು ಮಕ್ಕಳು ಚೆನ್ನಾಗಿ ಕಲಿಯಬೇಕೆಂಬುದರಲ್ಲಿ ನಮಗಿಂತ ಆಸ್ಥೆಯುಳ್ಳವರು ವಿರಳ. ಆ ಆಸ್ಥೆಯಿಂದಲೇ ಹೇಳುವೆವು: ತಾಯಿಯ ಮಾತಿನಲ್ಲಿ ಅರ್ಥಮಾಡಿಕೊಂಡು ಕನ್ನಡದಲ್ಲಿ ಬರೆದ ಮಗುವಿಗೆ ಕನ್ನಡವು ಒಲಿಯುವುದು; ಅರ್ಥವಿಲ್ಲದೆ ಉರುಹೊಡೆದ ಮಗುವಿಗೆ ಅದು ಪರೀಕ್ಷೆಯ ಮರುದಿನವೇ ಮರೆತುಹೋಗುವುದು.

ತಂದೆತಾಯಿಗಳು 'ನಮಗೆ ಓದು ಬಾರದು, ನಾವೇನು ಮಾಡಬಲ್ಲೆವು?' ಎಂದು ಕೈಚೆಲ್ಲುವುದನ್ನು ಅನೇಕ ಸಲ ಕೇಳಿದ್ದೇವೆ. ಪಾಠ ಹೇಳಿಕೊಡಲು ಓದು ಬೇಕು. ಪಾಠ ಒಪ್ಪಿಸಿಕೊಳ್ಳಲು ಬೇಕಾದುದು ಎರಡು ಕಿವಿಗಳು ಮಾತ್ರ. ಬೆಂಗಳೂರಿನ ರೈಲಿನಿಂದ ರಾತ್ರಿ ಇಳಿದು ಬಂದ ತಂದೆಯು ಊಟದ ಹೊತ್ತಿನಲ್ಲಿ, 'ಇವತ್ತು ಏನು ಕಲಿತೆಯಪ್ಪಾ, ನನಗೂ ಸ್ವಲ್ಪ ಹೇಳು' ಎಂದು ಕೇಳಲಿ. ತಾಯಿಯು ಸೊಪ್ಪು ಬಿಡಿಸುತ್ತ, 'ನನಗೆ ತಿಳಿಯಲಿಲ್ಲ ಕಣಮ್ಮಾ, ಇನ್ನೊಂದು ಸಲ ಬಿಡಿಸಿ ಹೇಳು' ಎನ್ನಲಿ. ಅಕ್ಷರ ಬಾರದ ತಾಯಿಗೆ ತಿಳಿಯುವಂತೆ ಹೇಳಬಲ್ಲ ಮಗುವು ಯಾವ ಪರೀಕ್ಷಕನಿಗೂ ಹೇಳಬಲ್ಲದು. ಮಕ್ಕಳು ಒಬ್ಬರಿಗೊಬ್ಬರು ಒಪ್ಪಿಸುವುದೂ ಹೀಗೆಯೇ ಫಲಕಾರಿ. ಆಂಡ್ರೂ ಬೆಲ್ ಎಂಬ ಪಾದ್ರಿಯು ಮದರಾಸಿನ ಅನಾಥಾಲಯದ ಶಾಲೆಯಲ್ಲಿದ್ದಾಗ, ಈ ಸೀಮೆಯ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆದು ಕಲಿಯುವುದನ್ನು ಕಂಡನು; ದೊಡ್ಡ ಮಕ್ಕಳಿಂದ ಚಿಕ್ಕವರಿಗೆ ಪಾಠ ಹೇಳಿಸಿದನು. 1797ರಲ್ಲಿ ಲಂಡನ್ನಿನಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದಾಗ ಇಂಗ್ಲೆಂಡಿನ ಶಾಲೆಗಳೇ ಅದನ್ನು ಅನುಸರಿಸಿದುವು. ನಮ್ಮ ಕೇರಿಯ ನಾಲ್ಕು ಮಕ್ಕಳು ಒಂದು ಜಗಲಿಯ ಮೇಲೆ ಕುಳಿತು ಇದನ್ನು ಮಾಡಲು ಒಂದು ಕಾಸಿನ ಖರ್ಚೂ ಇಲ್ಲ.

ಉಪಾಧ್ಯಾಯ ಮಹಾಶಯರಲ್ಲಿಯೂ ನಮ್ಮದೊಂದು ಬಿನ್ನಹವುಂಟು. ಪಾಠಪಟ್ಟಿಯು ದೊಡ್ಡದು, ಕಾಲವು ಕಡಮೆ, ಶಾಲೆಯ ಹೊರಗಿನ ಕೆಲಸಗಳು ಹತ್ತಾರು ಎಂಬುದನ್ನು ನಾವು ಬಲ್ಲೆವು. ಆದರೂ ಪ್ರತಿ ಪೀರಿಯಡಿನ ಮೊದಲ ಐದು ನಿಮಿಷಗಳಲ್ಲಿ ನಿನ್ನೆಯದೊಂದು, ಹೋದ ವಾರದ್ದೊಂದು, ಹೋದ ತಿಂಗಳಿನದೊಂದು ಪ್ರಶ್ನೆಯನ್ನು ಕೇಳಿ ಎಲ್ಲ ಮಕ್ಕಳಿಂದಲೂ ಬರೆಯಿಸಬಹುದು. ಅದಕ್ಕೆ ಅಂಕವೂ ಬೇಡ, ಶಿಕ್ಷೆಯೂ ಬೇಡ. ತಪ್ಪಿದವನನ್ನು ಎದ್ದು ನಿಲ್ಲಿಸಿ ನಗೆಗೀಡುಮಾಡಿದರೆ ಇಡೀ ಉದ್ದೇಶವೇ ಕೆಡುವುದು. ಪರೀಕ್ಷೆಯೆಂದರೆ ದಿನದಿನದ ಮಾತು, ತಪ್ಪೆಂದರೆ ನಾಳೆ ತಿದ್ದಿಕೊಳ್ಳಬೇಕಾದುದು ಎಂಬ ಭಾವವು ಮಗುವಿಗೆ ಬಂದರೆ ಮಾರ್ಚಿ ತಿಂಗಳ ನಡುಕವು ಅರ್ಧ ನಿಂತಂತೆಯೇ.

ಪ್ರಶ್ನೆಗಳೇ ಬರಿಯ ನೆನಪನ್ನು ಕೇಳುವಂತಿದ್ದರೆ ಮಕ್ಕಳು ಏನು ಮಾಡಿಯಾರೆಂದು ಕೆಲವರು ಆಕ್ಷೇಪಿಸುವರು. ಪರೀಕ್ಷೆಗಳು ಸುಧಾರಿಸಬೇಕೆಂಬುದು ನಮಗೂ ಸಮ್ಮತ. ಆದರೆ ಈ ವರ್ಷ ಹತ್ತನೆಯ ತರಗತಿಯಲ್ಲಿರುವ ಮಗುವು ಆ ಸುಧಾರಣೆಗಾಗಿ ಕಾಯಲಾರದು. ಅಲ್ಲದೆ, ಅರಿತು ನೆನಪಿಟ್ಟವನಿಗೆ ಯಾವ ಬಗೆಯ ಪ್ರಶ್ನೆಯಾದರೂ ಒಂದೇ. ಗೈಡಿನ ವಾಕ್ಯವನ್ನು ನಂಬಿದವನಿಗೆ ಪ್ರಶ್ನೆಯ ಒಂದು ಶಬ್ದ ಬದಲಾದರೂ ಗತಿಯಿಲ್ಲ.

ಪುರಸಭೆಯವರನ್ನೂ ಶಾಲಾ ಸಮಿತಿಗಳವರನ್ನೂ ನಗರಸಭೆಯವರನ್ನೂ ಒಂದು ಮಾತು ಕೇಳಬಯಸುವೆವು. ಗಣಿಯ ಕೂಲಿಕಾರರ ಲೈನುಮನೆಗಳು ಎಷ್ಟು ಇಕ್ಕಟ್ಟಾದವುಗಳೆಂಬುದನ್ನು ಅವರಿಗೆ ನಾವು ಹೇಳಬೇಕಾಗಿಲ್ಲ. ಅಡುಗೆ, ಹಾಸಿಗೆ, ಅಜ್ಜಿಯ ಕೆಮ್ಮು, ತಂಗಿಯ ತೊಟ್ಟಿಲು ಎಲ್ಲವೂ ಒಂದೇ ಕಡೆ ಇರುವಲ್ಲಿ ಓದುವ ಮಗುವಿಗೆ ಮೂಲೆಯೆಲ್ಲಿ? 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯ ಮೇಲೆ ಹರಿದು ಮೊದಲು ತಲಪಿದುದು ನಮ್ಮ ಗಣಿಗಳಿಗೆ. ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ಬಂದುದು 1905ರಲ್ಲಿ. ರಾಜಧಾನಿಗಿಂತ ಮೊದಲು ವಿದ್ಯುತ್ತನ್ನು ಕಂಡ ಊರಿನಲ್ಲಿ ಓದುವ ಮಗುವಿಗೆ ಒಂದು ದೀಪ, ಒಂದು ಬೆಂಚು ಇಲ್ಲವೆಂದರೆ ಅದಕ್ಕಿಂತ ನಾಚಿಕೆಯ ಮಾತಿಲ್ಲ. ಸಂಜೆ ಆರರಿಂದ ಎಂಟರವರೆಗೆ ಪ್ರತಿ ಬಡಾವಣೆಯಲ್ಲಿ ಒಂದೊಂದು ಶಾಲೆಯ ಎರಡು ಕೊಠಡಿಗಳನ್ನು ತೆರೆದಿಟ್ಟು, ಹೆಣ್ಣುಮಕ್ಕಳು ನಿರ್ಭಯವಾಗಿ ಬಂದುಹೋಗುವ ಏರ್ಪಾಡು ಮಾಡಿ, ನಿವೃತ್ತ ಉಪಾಧ್ಯಾಯರೊಬ್ಬರನ್ನು ಅಲ್ಲಿ ಕೂರಿಸಿದರೆ ಸಾಕು. ಗಣಿಯಿಂದ ನಿವೃತ್ತರಾದ ಹಿರಿಯರೂ ಬಿ.ಇ.ಎಂ.ಎಲ್. ಕಾರ್ಖಾನೆಯ ತಂತ್ರಜ್ಞರೂ ವಾರಕ್ಕೊಂದು ಸಂಜೆಯನ್ನು ಇದಕ್ಕೆ ಕೊಡಲು ಹಿಂಜರಿಯಲಾರರೆಂದು ನಂಬಿರುವೆವು.

ಕೊನೆಯದಾಗಿ, ಸೋಲಿನ ಮಾತು. ಫಲಿತಾಂಶದ ದಿನ ಕೆಲವು ಮನೆಗಳಲ್ಲಿ ಆಗುವ ಅನಾಹುತಗಳನ್ನು ಪತ್ರಿಕೆಯವರಾದ ನಾವು ವರ್ಷವರ್ಷವೂ ಅಚ್ಚುಹಾಕಬೇಕಾಗಿ ಬರುವುದು. ಆ ಸುದ್ದಿಯ ಅಕ್ಷರಗಳನ್ನು ಜೋಡಿಸುವಾಗ ಕೈ ಬಾರದು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಹುಡುಗನೊಬ್ಬನು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಉತ್ತೀರ್ಣನಾಗಲಿಲ್ಲ. ಹೊಟ್ಟೆಪಾಡಿಗಾಗಿ ಕೆಲಕಾಲ ಇದೇ ಚಿನ್ನದ ಗಣಿಯ ಊರಿಗೆ ಬಂದು ಸೋಡಾ ಕಾರ್ಖಾನೆಯೊಂದರಲ್ಲಿ ದುಡಿದನು. ಮುಂದೆ ಪತ್ರಿಕೋದ್ಯಮಕ್ಕೆ ಇಳಿದು, ತಾನೇ ಓದಿ, ತಾನೇ ಕಲಿತು, ಕನ್ನಡನಾಡಿನ ವಿವೇಕವೇ ಮೂರ್ತಿವೆತ್ತಂತೆ ಬಾಳಿದ ಆತನೇ ಡಿ. ವಿ. ಗುಂಡಪ್ಪನವರು. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ತಾನಾಗಿ ಅವರಿಗೆ ಗೌರವ ಡಾಕ್ಟರೇಟನ್ನು ಅರ್ಪಿಸಿತು. ಪರೀಕ್ಷೆಯನ್ನು ಹಗುರವಾಗಿ ಕಾಣಿರೆಂದು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಪರೀಕ್ಷೆಯು ಹೋದರೂ ಕಲಿಯುವ ಅಭ್ಯಾಸವು ಉಳಿದವನಿಗೆ ಬಾಗಿಲುಗಳು ಮುಚ್ಚುವುದಿಲ್ಲವೆಂದು ಹೇಳುವುದಕ್ಕಾಗಿ ಬರೆದೆವು. ಒಮ್ಮೆ ತಪ್ಪಿದವರು ಅದೇ ವರ್ಷ ಮತ್ತೆ ಬರೆಯುವ ಅವಕಾಶವನ್ನು ಸರಕಾರವೂ ಇಟ್ಟಿರುವುದು. ಮಗುವು ಸೋತು ಮನೆಗೆ ಬಂದ ದಿನ ಮೊದಲು ಅನ್ನವಿಕ್ಕಿರಿ. ಲೆಕ್ಕವನ್ನು ಮರುದಿನ ಕೇಳಿರಿ.

ಈ ನೆಲದಿಂದ ನಮ್ಮ ಹಿರಿಯರು ಸುಮಾರು 800 ಟನ್ನುಗಳಷ್ಟು ಚಿನ್ನವನ್ನು ತೆಗೆದುಕೊಟ್ಟರು. ಅದು ಎಲ್ಲೆಲ್ಲಿಗೋ ಹೋಯಿತು. ತೆಗೆದವರ ಮನೆಯಲ್ಲಿ ಉಳಿದುದು ಕಡಮೆ. ಅವರ ಮೊಮ್ಮಕ್ಕಳು ಈಗ ತೆಗೆಯಬೇಕಾಗಿರುವ ಚಿನ್ನವು ಅವರವರ ತಲೆಯೊಳಗಿದೆ. ಅದನ್ನು ಯಾರೂ ಹಡಗಿನಲ್ಲಿ ಹೊತ್ತುಕೊಂಡು ಹೋಗಲಾರರು. ಪುಸ್ತಕವನ್ನು ತೆರೆಯಿರೆಂದು ಮಕ್ಕಳಿಗೆ ಹೇಳುವವರು ಮನೆಮನೆಯಲ್ಲಿಯೂ ಇರುವರು. ಓದಿಯಾದ ಮೇಲೆ ಅದನ್ನು ಮುಚ್ಚಿ ಒಪ್ಪಿಸಿರೆಂದು ಹೇಳುವವರೂ ಇನ್ನು ಮೇಲೆ ಇರಲಿ. ಇಂದಿನ ರಾತ್ರಿಯ ಊಟದ ಹೊತ್ತಿನಲ್ಲಿಯೇ ಅದು ಆರಂಭವಾಗಲಿ.